ಬ್ರಿಟನ್ನಿನ ರಾಕ್ ತಂಡಗಳಲ್ಲಿ ಹಿರಿದು ಯಾವುದು?

ರುಚಿ ಒಬ್ಬೊಬ್ಬರಿಗೆ ಒಂದೊಂದು ಬಗೆ ಎಂಬ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಒಪ್ಪಿದ ಮರುಗಳಿಗೆಯಲ್ಲಿಯೇ ನಮ್ಮ ರುಚಿಯೇ ಸರಿಯೆಂದು ವಾದಕ್ಕೆ ನಿಲ್ಲುತ್ತೇವೆ. ಕನ್ನಡದ ತರಗತಿಯಲ್ಲಿ ಪಂಪ ಹೆಚ್ಚೋ ಕುಮಾರವ್ಯಾಸ ಹೆಚ್ಚೋ ಎಂಬ ಚರ್ಚೆ ಎಷ್ಟು ಸಲ ನಡೆದಿಲ್ಲ! ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿ ನಡೆದ ಚರ್ಚೆಯಾದರೋ ಬೇರೊಂದು ಬಗೆಯದು. ಬ್ರಿಟನ್ನಿನಲ್ಲಿ ಹುಟ್ಟಿದ ರಾಕ್ ತಂಡಗಳಲ್ಲಿ ಎಲ್ಲಕ್ಕಿಂತ ಹಿರಿದು ಯಾವುದು? ಒಬ್ಬನು ಬೀಟಲ್ಸ್ ಎಂದನು. ಇನ್ನೊಬ್ಬನು ಲೆಡ್ ಜೆಪೆಲಿನ್ ಎಂದನು. ಮೂರನೆಯವನು ಪಿಂಕ್ ಫ್ಲಾಯ್ಡ್ ಹೆಸರನ್ನು ಹೇಳಿ, ಉಳಿದುದೆಲ್ಲ ಬರಿಯ ಗದ್ದಲವೆಂದು ತೀರ್ಪಿತ್ತನು. ನಿಲಯಪಾಲಕರು ಬಂದು ದೀಪ ಆರಿಸಿದ ಮೇಲೆಯೇ ವಾದ ನಿಂತದ್ದು.

ಆ ಗದ್ದಲದಲ್ಲಿ ನಾನೂ ಒಂದು ಹೆಸರನ್ನು ಹೇಳಿದ್ದೆ. ಮಿತ್ರನೊಬ್ಬನು ನಕ್ಕು, "ಅಲ್ಲವೋ, ನೀನು ಹಳ್ಳಿಯಿಂದ ಬಂದವನು, ಕನ್ನಡದಲ್ಲಿ ಓದಿದವನು. ಆ ಹಾಡಿನ ಮಾತೇ ನಿನಗೆ ಸರಿಯಾಗಿ ತಿಳಿಯುವುದಿಲ್ಲ. ಯಾವುದು ಹಿರಿದು ಎಂದು ನೀನು ಹೇಗೆ ಹೇಳುತ್ತೀಯೋ?" ಎಂದು ಕೇಳಿದನು. ಅದು ದ್ವೇಷದಿಂದ ಆಡಿದ ಮಾತಲ್ಲ. ಆದರೂ ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಮೂರು ವರ್ಷಗಳಲ್ಲಿ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನೆದುರು ಬಂದು ನಿಂತಿದೆ. ನಮ್ಮದಲ್ಲದ ಒಂದು ವಸ್ತುವನ್ನು ಕುರಿತು ಅಭಿಪ್ರಾಯ ಹೇಳುವ ಅಧಿಕಾರ ಯಾರಿಗೆ ಉಂಟು? ಸಿಟ್ಟಿನಿಂದ ಉತ್ತರಿಸುವುದಕ್ಕಿಂತ ಓದಿ, ಕೇಳಿ, ವಿಚಾರ ಮಾಡಿ ಉತ್ತರಿಸುವುದು ಲೇಸೆಂದು ತೋರಿತು. ಆ ಪ್ರಯತ್ನವೇ ಈ ಲೇಖನ. ಇದರಲ್ಲಿ ಕಂಡುಬರುವ ಕುಂದುಗಳನ್ನು ಗುರುಗಳೂ ಸಹಪಾಠಿಗಳೂ ತಿದ್ದುವರೆಂದು ನಂಬಿದ್ದೇನೆ.

ಬೇರು ಎಲ್ಲಿಯದು?

ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ರಾಕ್ ಎಂದರೇನೆಂಬುದನ್ನು ಹೇಳಬೇಕು. ವಿದ್ಯುತ್ತಿನ ಗಿಟಾರು, ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರು, ಡ್ರಮ್ಮು, ಇವುಗಳ ಜೊತೆಗೆ ಒಬ್ಬನ ಅಥವಾ ಹಲವರ ಹಾಡುಗಾರಿಕೆ: ಸಾಮಾನ್ಯವಾಗಿ ಮೂರರಿಂದ ಐದು ಮಂದಿಯ ಮೇಳ. ಇದರ ಬೇರು ಬ್ರಿಟನ್ನಿನದಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ, ಹತ್ತಿಯ ಹೊಲಗಳಲ್ಲಿ ದುಡಿದ ಕಪ್ಪು ಜನರು ತಮ್ಮ ಸಂಕಟವನ್ನು ಹಾಡಿಕೊಂಡರು. ಅದಕ್ಕೆ ಬ್ಲೂಸ್ ಎಂದು ಹೆಸರು. ಆ ಜನ ಹೊಟ್ಟೆಪಾಡಿಗಾಗಿ ಷಿಕಾಗೋ ಮೊದಲಾದ ನಗರಗಳಿಗೆ ಬಂದಾಗ ಹಾಡೂ ಜೊತೆಗೆ ಬಂದಿತು. ಗಿಟಾರಿಗೆ ವಿದ್ಯುತ್ತಿನ ಬಲ ಸೇರಿತು. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಮುಂತಾದವರು ಈ ಪರಂಪರೆಯ ದೊಡ್ಡ ಗಾಯಕರು. 1950ರ ದಶಕದಲ್ಲಿ ಚಕ್ ಬೆರ್ರಿಯಂಥವರ ಕೈಯಲ್ಲಿ ಅದು ವೇಗವನ್ನು ಪಡೆದು ರಾಕ್ ಅಂಡ್ ರೋಲ್ ಆಯಿತು.

ಈ ಹಾಡುಗಳ ಧ್ವನಿಮುದ್ರಿಕೆಗಳು ಬ್ರಿಟನ್ನಿಗೆ ಬಂದಾಗ, ಅಲ್ಲಿಯ ಸಾಮಾನ್ಯರ ಮಕ್ಕಳು ಅವುಗಳಿಗೆ ಮನಸೋತರು. 1956ರಲ್ಲಿ ಲಾನಿ ಡೊನೆಗನ್ ಎಂಬವನ ಸ್ಕಿಫ್ಲ್ ಹಾಡುಗಳು ಅಲ್ಲಿ ಮನೆಮಾತಾದುವು. ಸ್ಕಿಫ್ಲ್‌ಗೆ ದೊಡ್ಡ ವಾದ್ಯಗಳು ಬೇಕಿರಲಿಲ್ಲ. ಒಂದು ಅಗ್ಗದ ಗಿಟಾರು, ಬಟ್ಟೆ ಒಗೆಯುವ ತಗಡಿನ ಹಲಗೆ, ಚಹದ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ದಾರ ಕಟ್ಟಿದ ಒಂದು ವಾದ್ಯ: ಇಷ್ಟಿದ್ದರೆ ಮೇಳ ಸಿದ್ಧ. ಲಿವರ್‌ಪೂಲಿನಲ್ಲಿ ಜಾನ್ ಲೆನನ್ ಕಟ್ಟಿದ ಮೊದಲ ತಂಡ ಇಂಥದೇ. 1957ರ ಜುಲೈ 6ರಂದು ಚರ್ಚೊಂದರ ಉತ್ಸವದಲ್ಲಿ ಆ ತಂಡ ಹಾಡಿದಾಗ ಹದಿನೈದು ವರ್ಷದ ಪಾಲ್ ಮೆಕಾರ್ಟ್ನಿಯ ಪರಿಚಯ ಅವನಿಗಾಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ನಾವು ಗಮನಿಸಬೇಕು. 1944ರ ಶಿಕ್ಷಣ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಪ್ರೌಢಶಾಲೆಯ ಶಿಕ್ಷಣ ಎಲ್ಲ ಮಕ್ಕಳಿಗೂ ಉಚಿತವಾಗಿ ದೊರಕಿತು. ಊರೂರಿನಲ್ಲಿದ್ದ ಕಲಾಶಾಲೆಗಳು, ಬೇರೆಲ್ಲಿಯೂ ಹೊಂದಿಕೊಳ್ಳದ ಹುಡುಗರಿಗೂ ಎಡೆಗೊಟ್ಟುವು. ಲೆನನ್ ಲಿವರ್‌ಪೂಲಿನ ಕಲಾಶಾಲೆಯಲ್ಲಿ ಓದಿದನು. ರೋಲಿಂಗ್ ಸ್ಟೋನ್ಸಿನ ಕೀತ್ ರಿಚರ್ಡ್ಸ್ ಸಿಡ್‌ಕಪ್ಪಿನಲ್ಲಿ. ದಿ ಹೂ ತಂಡದ ಪೀಟ್ ಟೌನ್‌ಷೆಂಡ್ ಈಲಿಂಗಿನಲ್ಲಿ. ಕಿಂಕ್ಸ್ ತಂಡದ ರೇ ಡೇವೀಸ್ ಹಾರ್ನ್‌ಸಿಯಲ್ಲಿ. ಪಿಂಕ್ ಫ್ಲಾಯ್ಡಿನ ಮೂವರು ಲಂಡನ್ನಿನ ಪಾಲಿಟೆಕ್ನಿಕ್ ಒಂದರಲ್ಲಿ ವಾಸ್ತುಶಿಲ್ಪವನ್ನು ಕಲಿಯಲು ಹೋಗಿ ಒಬ್ಬರನ್ನೊಬ್ಬರು ಕಂಡರು. ಪ್ರತಿಭೆ ಹುಟ್ಟಿನಿಂದ ಬರಬಹುದು; ಆದರೆ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಎರಡು ಮೂರು ವರ್ಷಗಳ ಬಿಡುವು ಸಿಗದಿದ್ದರೆ ಆ ಪ್ರತಿಭೆ ಬಾಡಿಹೋಗುತ್ತದೆ. ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತು ಈ ಮಾತನ್ನು ಬರೆಯುವಾಗ ನನಗೆ ಅದರ ಬೆಲೆ ಚೆನ್ನಾಗಿ ತಿಳಿದಿದೆ.

ಅಳತೆಗೋಲು

ಈಗ ಮೂಲ ಪ್ರಶ್ನೆಗೆ ಬರೋಣ. ನಮ್ಮ ಊಟದ ಮನೆಯ ವಾದ ಮುಗಿಯದೆ ಹೋದುದಕ್ಕೆ ಕಾರಣವೇನು? ಒಬ್ಬೊಬ್ಬನು ಒಂದೊಂದು ಅಳತೆಗೋಲನ್ನು ಹಿಡಿದು ಅಳೆಯುತ್ತಿದ್ದನು. ಆದರೆ ತನ್ನ ಕೈಯಲ್ಲಿರುವ ಗೋಲು ಯಾವುದೆಂದು ಯಾರೂ ಹೇಳಲಿಲ್ಲ. ಬಟ್ಟೆಯನ್ನು ಸೇರಿನಿಂದಲೂ ಅಕ್ಕಿಯನ್ನು ಗಜದಿಂದಲೂ ಅಳೆದರೆ ವ್ಯಾಪಾರ ಕುದುರುವುದೆಂತು? ನಾನು ಗಮನಿಸಿದಂತೆ ಈ ಚರ್ಚೆಯಲ್ಲಿ ನಾಲ್ಕು ಗೋಲುಗಳು ಬಳಕೆಯಾಗುತ್ತವೆ. ಮಾರಾಟ, ಆಯುಸ್ಸು, ಕೌಶಲ, ಮುಂದಿನವರಿಗೆ ತೆರೆದ ದಾರಿ. ಇವುಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಮಾರಾಟ. ಪಿಂಕ್ ಫ್ಲಾಯ್ಡ್ ತಂಡ 1973ರಲ್ಲಿ ಹೊರತಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಎಂಬ ಆಲ್ಬಂ 1988ರವರೆಗಿನ ಅವಧಿಯಲ್ಲಿ ಅಮೆರಿಕದ ಇನ್ನೂರು ಆಲ್ಬಂಗಳ ಪಟ್ಟಿಯಲ್ಲಿ ಒಟ್ಟು 741 ವಾರ ಕಾಣಿಸಿಕೊಂಡಿತು. ಕ್ವೀನ್ ತಂಡದ ಆಯ್ದ ಹಾಡುಗಳ 1981ರ ಸಂಗ್ರಹವನ್ನು ಮೀರಿ ಮಾರಾಟವಾದ ಆಲ್ಬಂ ಬ್ರಿಟನ್ನಿನಲ್ಲಿ ಇನ್ನೊಂದಿಲ್ಲ. ಇವು ಸಾಮಾನ್ಯ ಸಂಗತಿಗಳಲ್ಲ. ಇಷ್ಟು ಜನರ ಮನೆಗೆ ಹೊಕ್ಕ ಹಾಡನ್ನು ಹಗುರವಾಗಿ ಕಾಣುವುದು ಅಹಂಕಾರ. ಆದರೆ ಮಾರಾಟವೊಂದನ್ನೇ ನಂಬಿದರೆ, ನಮ್ಮ ಪೇಟೆಯ ಪುಸ್ತಕದಂಗಡಿಯಲ್ಲಿ ಪಂಪಭಾರತಕ್ಕಿಂತ ಪರೀಕ್ಷೆಯ ಗೈಡುಗಳೇ ಹಿರಿಯ ಗ್ರಂಥಗಳಾಗುತ್ತವೆ. ಸೆಕ್ಸ್ ಪಿಸ್ಟಲ್ಸ್ ಎಂಬ ತಂಡ 1977ರಲ್ಲಿ ಒಂದೇ ಒಂದು ಆಲ್ಬಂ ಮಾಡಿ ಮರುವರ್ಷವೇ ಒಡೆದುಹೋಯಿತು. ಆದರೂ ಬಹಳ ಕಲಿಯದೆಯೇ ವೇದಿಕೆ ಏರಬಹುದೆಂಬ ಧೈರ್ಯವನ್ನು ಅದು ಎಷ್ಟೋ ಹುಡುಗರಿಗೆ ಕೊಟ್ಟಿತು. ಮಾರಾಟದ ಲೆಕ್ಕದಲ್ಲಿ ಈ ಧೈರ್ಯ ಬರುವುದಿಲ್ಲ.

ಎರಡನೆಯದು ಆಯುಸ್ಸು. ಈ ವಿಷಯದಲ್ಲಿ ರೋಲಿಂಗ್ ಸ್ಟೋನ್ಸಿಗೆ ಸಮನಾದವರು ವಿರಳ. 1962ರ ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಬಾರಿಗೆ ಆ ಹೆಸರಿನಿಂದ ಹಾಡಿದ ತಂಡ, 2003ರ ಏಪ್ರಿಲಿನಲ್ಲಿ ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿತು; 2023ರಲ್ಲಿ ಮತ್ತೊಂದು ಹೊಸ ಆಲ್ಬಂ ಹೊರತಂದಿತು. ಅರುವತ್ತು ವರ್ಷ ಒಂದೇ ಕಸುಬಿಗೆ ಅಂಟಿ ನಿಂತವರನ್ನು ನಾವು ಗೌರವಿಸಲೇಬೇಕು. ಆದರೆ ಬೀಟಲ್ಸ್ ತಂಡ ತನ್ನ ಮೊದಲ ಹಾಡನ್ನು ಹೊರತಂದದ್ದು 1962ರ ಅಕ್ಟೋಬರಿನಲ್ಲಿ; ಒಡೆದದ್ದು 1970ರಲ್ಲಿ. ಆಯುಸ್ಸೇ ಹಿರಿಮೆಯಾದರೆ ಎಂಟು ವರ್ಷದ ಈ ಬಾಳಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಊರ ಮುಂದಿನ ಆಲದ ಮರ ಹಳೆಯದೆಂದು ಮಾವಿನ ಹಣ್ಣಿನ ಸವಿ ಕಡಿಮೆಯಾದೀತೆ?

ಕೌಶಲ ಮತ್ತು ಋಣ

ಮೂರನೆಯದು ಕೌಶಲ. ಈ ಗೋಲನ್ನು ಹಿಡಿದವರು ಸಾಮಾನ್ಯವಾಗಿ 1968ರಲ್ಲಿ ಹುಟ್ಟಿದ ಲೆಡ್ ಜೆಪೆಲಿನ್ ಕಡೆಗೆ ಕೈತೋರುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಜಿಮ್ಮಿ ಪೇಜನ ಗಿಟಾರು, ಜಾನ್ ಬಾನಮ್‌ನ ಡ್ರಮ್ಮು, ರಾಬರ್ಟ್ ಪ್ಲಾಂಟನ ಕಂಠ, ಜಾನ್ ಪಾಲ್ ಜೋನ್ಸನ ಬೇಸು: ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದುದು ನಿಲ್ಲುವಂತಿಲ್ಲ. 1980ರ ಸೆಪ್ಟೆಂಬರಿನಲ್ಲಿ ಬಾನಮ್ ತೀರಿಕೊಂಡನು. ಅದೇ ಡಿಸೆಂಬರಿನಲ್ಲಿ ಉಳಿದ ಮೂವರು, ತಾವು ಇನ್ನು ಮುಂದುವರಿಯುವುದಿಲ್ಲವೆಂದು ಪ್ರಕಟಿಸಿದರು. ತಂಡವೆಂದರೆ ನಾಲ್ವರ ಕೂಟವಲ್ಲ, ಒಂದೇ ದೇಹವೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ.

ಆದರೆ ಇಲ್ಲಿಯೇ ಒಂದು ಮುಳ್ಳೂ ಇದೆ. 'ಹೋಲ್ ಲಾಟ ಲವ್' ಎಂಬ ಅವರ ಪ್ರಸಿದ್ಧ ಗೀತೆಯ ವಿಷಯದಲ್ಲಿ, ಷಿಕಾಗೋ ಬ್ಲೂಸಿನ ಹಿರಿಯ ರಚನಕಾರ ವಿಲ್ಲಿ ಡಿಕ್ಸನ್ 1985ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅವನ ರಚನೆಯನ್ನು ಅವರು ಹೆಸರು ಹೇಳದೆ ಬಳಸಿಕೊಂಡರೆಂಬುದು ದೂರು. ಅದು ರಾಜಿಯಲ್ಲಿ ಮುಗಿದು, ಅನಂತರ ಡಿಕ್ಸನ್ನನ ಹೆಸರು ಹಾಡಿನ ಜೊತೆಗೆ ಸೇರಿತು. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಡುತ್ತೇನೆ. ರೋಲಿಂಗ್ ಸ್ಟೋನ್ಸ್ ತನ್ನ ಹೆಸರನ್ನೇ ಮಡ್ಡಿ ವಾಟರ್ಸನ ಒಂದು ಹಾಡಿನಿಂದ ಪಡೆದದ್ದು. 1965ರಲ್ಲಿ ಅಮೆರಿಕದ ದೂರದರ್ಶನದ ಕಾರ್ಯಕ್ರಮವೊಂದಕ್ಕೆ ಆ ತಂಡವನ್ನು ಕರೆದಾಗ, ಅದು ಹೌಲಿನ್ ವುಲ್ಫನನ್ನೂ ಕರೆಸಿ ಹಾಡಿಸಬೇಕೆಂದು ಕೇಳಿತು. ಅವನು ಹಾಡುವಾಗ ತಂಡದವರು ವೇದಿಕೆಯ ಮೇಲೆ ಅವನ ಸುತ್ತ ಕುಳಿತು ಕೇಳಿದರು. ಗುರುವನ್ನು ಎದುರಿಗೆ ಕೂರಿಸಿ ನಮಸ್ಕರಿಸುವುದೆಂದರೆ ಇದೇ. ಕೈಚಳಕ ಎಷ್ಟಿದ್ದರೂ, ಪಡೆದ ಋಣವನ್ನು ಒಪ್ಪಿಕೊಳ್ಳುವ ಗುಣ ಹಿರಿಮೆಯ ಲೆಕ್ಕದಲ್ಲಿ ಸೇರಬೇಕೆಂದು ನನ್ನ ಅಭಿಪ್ರಾಯ.

ತೆರೆದ ದಾರಿ

ನಾಲ್ಕನೆಯ ಗೋಲೇ ನನಗೆ ಮುಖ್ಯವಾಗಿ ತೋರುತ್ತದೆ. ಒಂದು ತಂಡ ಬರುವ ಮೊದಲು ಇಲ್ಲದಿದ್ದ ಯಾವ ದಾರಿ ಅದು ಬಂದ ಮೇಲೆ ತೆರೆಯಿತು?

ಸಣ್ಣದೊಂದು ಉದಾಹರಣೆಯಿಂದ ಆರಂಭಿಸುತ್ತೇನೆ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ಎಂಬ ಹುಡುಗ, ತನ್ನ ಗಿಟಾರಿನ ದನಿ ಒರಟಾಗಿ ಬರಲೆಂದು, ಧ್ವನಿವರ್ಧಕದೊಳಗಿನ ಕಾಗದದ ಪರದೆಯನ್ನು ಕ್ಷೌರದ ಬ್ಲೇಡಿನಿಂದ ಸೀಳಿದನು. 'ಯು ರಿಯಲೀ ಗಾಟ್ ಮಿ' ಎಂಬ ಹಾಡಿನಲ್ಲಿ ಆ ಒರಟು ದನಿಯನ್ನು ಇಂದಿಗೂ ಕೇಳಬಹುದು. ಹಾಳಾದ ದನಿಯೂ ಸಂಗೀತವಾಗಬಲ್ಲದೆಂದು ಅದು ತೋರಿಸಿತು.

ದೊಡ್ಡ ಉದಾಹರಣೆ ಬೀಟಲ್ಸ್. 1962ರ ಆದಿಯಲ್ಲಿ ಡೆಕ್ಕಾ ಎಂಬ ಕಂಪೆನಿ ಇವರ ಹಾಡನ್ನು ಪರೀಕ್ಷಿಸಿ, ಬೇಡವೆಂದು ಕಳುಹಿಸಿತು. ಎರಡು ವರ್ಷಗಳಾದ ಮೇಲೆ, 1964ರ ಫೆಬ್ರುವರಿ 9ರಂದು, ಇವರು ಅಮೆರಿಕದ ದೂರದರ್ಶನದಲ್ಲಿ ಹಾಡಿದುದನ್ನು ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಆದರೆ ಜನಸಂದಣಿಯಲ್ಲ ಅವರ ಹಿರಿಮೆ. ಮೊದಲನೆಯದಾಗಿ, ಹಾಡುವವರೇ ತಮ್ಮ ಹಾಡನ್ನು ಬರೆಯಬೇಕೆಂಬ ಪದ್ಧತಿಯನ್ನು ಅವರು ನೆಲೆಗೊಳಿಸಿದರು. 1964ರ 'ಎ ಹಾರ್ಡ್ ಡೇಸ್ ನೈಟ್' ಆಲ್ಬಂನ 13 ಹಾಡುಗಳೂ ಲೆನನ್ ಮತ್ತು ಮೆಕಾರ್ಟ್ನಿಯರ ಸ್ವಂತ ರಚನೆಗಳು. ಎರಡನೆಯದಾಗಿ, ಧ್ವನಿಮುದ್ರಣದ ಕೋಣೆಯನ್ನೇ ಒಂದು ವಾದ್ಯವನ್ನಾಗಿ ಮಾಡಿದರು. 1963ರಲ್ಲಿ ಮೊದಲ ಆಲ್ಬಂನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುದ್ರಿಸಿ ಮುಗಿಸಿದ ಇದೇ ಹುಡುಗರು, 1966ರ ಆಗಸ್ಟಿನಲ್ಲಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿ, ನಿರ್ಮಾಪಕ ಜಾರ್ಜ್ ಮಾರ್ಟಿನ್ ಜೊತೆಯಲ್ಲಿ ತಿಂಗಳುಗಟ್ಟಲೆ ಕುಳಿತು 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಂ ರಚಿಸಿದರು. ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಅದರ ವೇಗವನ್ನು ಬದಲಿಸಿದರು. ಬಸ್ ಚಾಲಕನ ಮಗನಾದ ಜಾರ್ಜ್ ಹ್ಯಾರಿಸನ್ 1965ರಲ್ಲಿ ಒಂದು ಹಾಡಿಗೆ ಸಿತಾರನ್ನು ನುಡಿಸಿ, ಮರುವರ್ಷ ಪಂಡಿತ ರವಿಶಂಕರರ ಬಳಿ ಶಿಷ್ಯನಾಗಿ ಕುಳಿತನು. ಇವರ ಅನಂತರ ಬಂದವರು, ಇವರನ್ನು ಮೆಚ್ಚಲಿ ಬಿಡಲಿ, ಇವರು ತೆರೆದ ಬಾಗಿಲಿನಿಂದಲೇ ಒಳಗೆ ಬಂದರು.

ಮೂರನೆಯ ಉದಾಹರಣೆ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸ್ಯಾಬತ್. ಆ ತಂಡದ ಗಿಟಾರು ವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದನು. ಸಂಗೀತಕ್ಕಾಗಿ ಕೆಲಸ ಬಿಡಬೇಕೆಂದು ನಿಶ್ಚಯಿಸಿದ್ದನು. ಅಂದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲು ಮನಸ್ಸಿಲ್ಲವೆಂದಾಗ, ಹಿಡಿದ ಕೆಲಸವನ್ನು ಮುಗಿಸಿಯೇ ಬರಬೇಕೆಂದು ತಾಯಿ ಕಳುಹಿಸಿದಳು. ಆ ಮಧ್ಯಾಹ್ನ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋದುವು. ಅವನು ಎಡಚ, ತಂತಿಯನ್ನು ಒತ್ತುವ ಕೈ ಬಲಗೈಯೇ. ಗಿಟಾರಿನ ಆಸೆ ಮುಗಿಯಿತೆಂದು ವೈದ್ಯರು ಹೇಳಿದರು. ಆಗ ಕಾರ್ಖಾನೆಯ ಮೇಲಧಿಕಾರಿಯೊಬ್ಬನು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರು ವಾದಕನ ಧ್ವನಿಮುದ್ರಿಕೆಯನ್ನು ತಂದು ಕೇಳಿಸಿದನು. ಬೆಂಕಿಯಲ್ಲಿ ಎರಡು ಬೆರಳುಗಳ ಬಲವನ್ನು ಕಳೆದುಕೊಂಡೂ ನುಡಿಸಿದ ಕಲಾವಿದ ಅವನು. ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡನು. ಅದರ ಮೇಲೆ ಚರ್ಮವನ್ನು ಅಂಟಿಸಿದನು. ಬಿಗಿಯಾದ ತಂತಿಯನ್ನು ಒತ್ತಲಾರದುದರಿಂದ ತೆಳುವಾದ ತಂತಿಗಳನ್ನು ಹಾಕಿದನು. ಮುಂದೆ ಶ್ರುತಿಯನ್ನೂ ತಗ್ಗಿಸಿದನು. ಹಾಗೆ ತಗ್ಗಿದ ಆ ಭಾರವಾದ ನಾದದಿಂದ ಹೆವಿ ಮೆಟಲ್ ಎಂಬ ಒಂದು ಪ್ರಕಾರವೇ ಬೆಳೆಯಿತು. ಅವರ ಮೊದಲ ಆಲ್ಬಂ, 1970ರ ಫೆಬ್ರುವರಿಯಲ್ಲಿ ಹೊರಬಂದದ್ದು, ಒಂದೇ ದಿನದಲ್ಲಿ ಮುದ್ರಣವಾಯಿತು. 2007ರಲ್ಲಿ ಬೆಂಗಳೂರಿಗೆ ಬಂದು ಹಾಡಿದ ಐರನ್ ಮೇಡನ್ ತಂಡವೂ ಈ ವಂಶದ್ದೇ. ತಂಡದ ಮೂಲದ ನಾಲ್ವರೂ 2025ರ ಜುಲೈ 5ರಂದು ತಮ್ಮ ಹುಟ್ಟೂರಿನಲ್ಲಿ ಕೊನೆಯ ಬಾರಿಗೆ ಕೂಡಿ ಹಾಡಿದರು. ಅದೇ ತಿಂಗಳ 22ರಂದು ಗಾಯಕ ಆಜಿ ಆಸ್‌ಬರ್ನ್ ತೀರಿಕೊಂಡನು.

ತೀರ್ಪು

ಮೇಲಿನ ನಾಲ್ಕು ಗೋಲುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಬ್ರಿಟನ್ನಿನ ರಾಕ್ ತಂಡಗಳಲ್ಲಿ ಬೀಟಲ್ಸ್ ಮೊದಲನೆಯದೆಂದು ನನ್ನ ತೀರ್ಪು. ಮಾರಾಟದಲ್ಲಿ ಅದು ಯಾರಿಗೂ ಕಡಿಮೆಯಲ್ಲ. ಕೌಶಲದಲ್ಲಿ ಒಬ್ಬೊಬ್ಬರಾಗಿ ಅವರನ್ನು ಮೀರಿದವರಿದ್ದರೂ ನಾಲ್ವರೂ ಕೂಡಿದಾಗ ಆಗುವ ಫಲ ಬೇರೆ. ಆಯುಸ್ಸಿನಲ್ಲಿ ಸೋತರೂ, ಆ ಅಲ್ಪಾಯುಸ್ಸಿನಲ್ಲಿಯೇ ಅವರು ಕ್ರಮಿಸಿದ ದೂರ ಆಶ್ಚರ್ಯಕರವಾದುದು. ತೆರೆದ ದಾರಿಯ ವಿಷಯದಲ್ಲಂತೂ ಅವರಿಗೆ ಸಾಟಿಯಿಲ್ಲ.

ಆದರೆ ವಾಚಕರೇ, ಅಂದು ಊಟದ ಮನೆಯಲ್ಲಿ ನಾನು ಹೇಳಿದ ಹೆಸರು ಬೀಟಲ್ಸ್ ಅಲ್ಲ, ಬ್ಲ್ಯಾಕ್ ಸ್ಯಾಬತ್. ಈಗಲೂ ಒಂಟಿಯಾಗಿ ಕುಳಿತಾಗ ನಾನು ಕೇಳುವುದು ಅದನ್ನೇ. ಇದು ವಿರೋಧವಲ್ಲ. ಮೆಚ್ಚುಗೆ ಬೇರೆ, ಹಿರಿಮೆಯ ನಿರ್ಣಯ ಬೇರೆ. ಮೆಚ್ಚುಗೆಗೆ ಕಾರಣ ಹೇಳಬೇಕಾದ ಹೊಣೆ ಇಲ್ಲ. ನಿರ್ಣಯಕ್ಕೆ ಆ ಹೊಣೆ ಉಂಟು. ನಮ್ಮ ಹೆಚ್ಚಿನ ವಾದಗಳು ಜಗಳವಾಗುವುದು ಈ ಎರಡನ್ನು ಒಂದೆಂದು ತಿಳಿಯುವುದರಿಂದ. ನನ್ನ ಮೆಚ್ಚುಗೆಯನ್ನೇ ಲೋಕದ ನಿರ್ಣಯವೆಂದು ಸಾರಿದುದು ಅಂದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ.

ಮಿತ್ರನ ಪ್ರಶ್ನೆಗೂ ಈಗ ಉತ್ತರ ಹೇಳಬಲ್ಲೆ. ಅಧಿಕಾರ ಯಾರಿಗೆ? ಲಂಡನ್ನಿನ ಹೊರವಲಯದ ಡಾರ್ಟ್‌ಫರ್ಡಿನಲ್ಲಿ ಬೆಳೆದ ಜಾಗರ್ ಮತ್ತು ರಿಚರ್ಡ್ಸ್ ಹತ್ತಿಯ ಹೊಲವನ್ನು ಎಂದು ಕಂಡಿದ್ದರು? 1961ರಲ್ಲಿ ಆ ಊರಿನ ರೈಲು ನಿಲ್ದಾಣದಲ್ಲಿ ಜಾಗರನ ಕಂಕುಳಲ್ಲಿದ್ದ ಚಕ್ ಬೆರ್ರಿ, ಮಡ್ಡಿ ವಾಟರ್ಸರ ಧ್ವನಿಮುದ್ರಿಕೆಗಳೇ ಅವರ ಸ್ನೇಹಕ್ಕೆ ಕಾರಣವಾದುವು. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನ ಪಾರಸಿ ಮನೆಯಲ್ಲಿ ಹುಟ್ಟಿ, ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿ, 1964ರಲ್ಲಿ ಮನೆಯವರೊಡನೆ ಇಂಗ್ಲೆಂಡಿಗೆ ಹೋದವನು. ಹೊರಗಿನವನು ಕೇಳಬಾರದು, ಹೇಳಬಾರದು ಎಂಬ ನಿಯಮ ಇದ್ದಿದ್ದರೆ ಬ್ರಿಟನ್ನಿನಲ್ಲಿ ರಾಕ್ ಸಂಗೀತವೇ ಹುಟ್ಟುತ್ತಿರಲಿಲ್ಲ. ಅದೆಲ್ಲವೂ ತಮ್ಮದಲ್ಲದುದನ್ನು ಪ್ರೀತಿಯಿಂದ ಕೇಳಿದವರ ಸೃಷ್ಟಿ. ಗಮನವಿಟ್ಟು ಕೇಳಿದವನಿಗೆ, ಕಾರಣ ಕೊಟ್ಟು ಹೇಳುವವನಿಗೆ, ಯಾರಿಂದ ಪಡೆದೆನೆಂಬುದನ್ನು ಮರೆಯದವನಿಗೆ ಅಧಿಕಾರ ಉಂಟು. ಹುಟ್ಟಿದ ಊರನ್ನೂ ಓದಿದ ಮಾಧ್ಯಮವನ್ನೂ ಅದಕ್ಕೆ ಕೇಳಬೇಕಾದುದಿಲ್ಲ.

ದೀಪಾವಳಿಯ ರಜೆಗೆ ಊರಿಗೆ ಹೋದಾಗ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನಮ್ಮ ತಂದೆಯವರು, "ಕಿವಿಗೆ ಸಿಕ್ಕಿಸಿಕೊಂಡು ಅದೇನು ಕೇಳುತ್ತೀಯಪ್ಪ?" ಎಂದರು. ಬ್ಲ್ಯಾಕ್ ಸ್ಯಾಬತ್ತಿನ ಒಂದು ಹಾಡನ್ನು ಅವರಿಗೆ ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಆಮೇಲೆ, "ನಮ್ಮ ಗಿರಣಿಯ ಬೆಲ್ಟು ಎಳೆದ ಹಾಗಿದೆಯಲ್ಲೋ. ಇವರೇನು ಕಾರ್ಖಾನೆಯವರೇ?" ಎಂದು ಕೇಳಿದರು. ಹೌದೆಂದೆ. ಅಯೋಮಿಯ ಬೆರಳಿನ ಕಥೆಯನ್ನು ಹೇಳಿದೆ. ಅವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡು, "ತಾಯಿ ಕಳಿಸಿದ್ದು ತಪ್ಪಲ್ಲ. ಹಿಡಿದ ಕೆಲಸ ಮುಗಿಸಬೇಕು. ಆದರೂ ಪಾಪ, ಆಕೆಗೆ ಎಷ್ಟು ದುಃಖವಾಗಿರಬೇಕು!" ಎಂದರು.

ಇಂಗ್ಲಿಷಿನ ಒಂದು ಮಾತೂ ತಿಳಿಯದೆ ಅವರು ಹೇಳಿದ ವಿಮರ್ಶೆಗೆ ನಾನು ಸೇರಿಸಬೇಕಾದುದು ಏನೂ ಇಲ್ಲ. ಮಿತ್ರನು ಈಗಲೂ ಪಿಂಕ್ ಫ್ಲಾಯ್ಡ್ ಪಕ್ಷದವನೇ. ಆದರೆ ಈಗ ಕಾರಣ ಹೇಳುತ್ತಾನೆ, ನಾನೂ ಹೇಳುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಈ ವಾದವನ್ನು ಮುಂದೂಡಿದ್ದೇವೆ.